ಹಾರ್ಡ್‌ಟೇಲ್ ಫ್ರೇಮಿಗೆ ಫೋರ್ಕ್: 120 ಮಿ.ಮೀ. ಸಾಕೇ, 150ಕ್ಕೆ ಹೋಗಬಹುದೇ?

ಪ್ರಶ್ನೆ: ಕಾಡುಹಾದಿ

ನಮಸ್ಕಾರ. ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಮೌಂಟನ್ ಬೈಕ್ ಒಂದನ್ನು ಕಟ್ಟುತ್ತಿದ್ದೇನೆ. ಫ್ರೇಮ್ ಅಲ್ಯೂಮಿನಿಯಂ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ್ದು), ಚಕ್ರಗಳು 29 ಇಂಚಿನವು. ಫ್ರೇಮನ್ನು 120 ಮಿ.ಮೀ. ಟ್ರಾವೆಲ್‌ನ (ಮುಂದಿನ ಸಸ್ಪೆನ್ಷನ್ ಕುಸಿಯಬಲ್ಲ ದೂರ) ಫೋರ್ಕಿಗಾಗಿ ರೂಪಿಸಲಾಗಿದ್ದು, ಗರಿಷ್ಠ 130 ಎಂದು ತಯಾರಕರ ಕೈಪಿಡಿ ಹೇಳುತ್ತದೆ. ಹೆಡ್ ಟ್ಯೂಬ್‌ನ (ಫೋರ್ಕಿನ ಮೇಲಿನ ಕೊಳವೆಯಾದ ಸ್ಟೀರರ್ ಹಾದುಹೋಗುವ ಫ್ರೇಮಿನ ಮುಂಭಾಗ) ಒಳವ್ಯಾಸ ಮೇಲೂ ಕೆಳಗೂ 44 ಮಿ.ಮೀ., ಮುಂದಿನ ಹಬ್ 15×100 (ಆಕ್ಸಲ್‌ನ ವ್ಯಾಸ ಮತ್ತು ಹಬ್‌ನ ಅಗಲ, ಮಿ.ಮೀ.ಗಳಲ್ಲಿ). ನನ್ನ ತೂಕ 85 ಕೆ.ಜಿ.; ಓಡಿಸುವುದು ಹೆಚ್ಚಾಗಿ ಕಲ್ಲು ಮತ್ತು ಬೇರುಗಳಿರುವ ಹಾದಿಯಲ್ಲಿ, ದೊಡ್ಡ ಜಿಗಿತಗಳ ಆಸೆ ನನಗಿಲ್ಲ.

ಈಗ ಎರಡು ಆಯ್ಕೆಗಳಿವೆ. ಒಂದು, 150 ಮಿ.ಮೀ. ಟ್ರಾವೆಲ್ ಮತ್ತು 36 ಮಿ.ಮೀ. ಸ್ಟ್ಯಾಂಚನ್‌ಗಳಿರುವ (ಕೆಳಕಾಲುಗಳೊಳಗೆ ಜಾರುವ ಮೇಲಿನ ಕೊಳವೆಗಳು), ಬಳಸಿದ ಆದರೆ ಮೇಲ್ದರ್ಜೆಯ ಫೋರ್ಕ್. ಇನ್ನೊಂದು, 120 ಮಿ.ಮೀ. ಟ್ರಾವೆಲ್ ಮತ್ತು 34 ಮಿ.ಮೀ. ಸ್ಟ್ಯಾಂಚನ್‌ಗಳ ಹೊಸ ಏರ್ ಫೋರ್ಕ್. ಎರಡರದ್ದೂ ಟೇಪರ್ಡ್ (ಕೆಳಗೆ ದಪ್ಪವಾಗುವ) ಸ್ಟೀರರ್, ಎರಡೂ ಬೂಸ್ಟ್ (ಹೆಚ್ಚು ಅಗಲದ ಹಬ್‌ಗಾಗಿ ಮಾಡಿದವು). ಟ್ರಾವೆಲ್ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ ಎಂಬುದು ನನ್ನ ಮೊದಲ ಅನಿಸಿಕೆ. ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕೋನಮಾಪಕ

ನಿಮ್ಮ ಫ್ರೇಮಿಗೆ 150 ಬೇಡ. ಗರಿಷ್ಠ 130 ಎಂದು ತಯಾರಕರೇ ಬರೆದಿರುವಾಗ ಅದನ್ನು ಮೀರಿದರೆ ವಾರಂಟಿ ಹೋಗುವುದಷ್ಟೇ ಅಲ್ಲ, ಉದ್ದನೆಯ ಫೋರ್ಕ್ ಸನ್ನೆಕೋಲಿನಂತೆ ದುಡಿದು ಹೆಡ್ ಟ್ಯೂಬ್ ಡೌನ್ ಟ್ಯೂಬಿಗೆ ಕೂಡುವ ಬೆಸುಗೆಯ ಮೇಲೆ ಪ್ರತಿ ಹೊಡೆತದಲ್ಲೂ ಹೆಚ್ಚಿನ ಒತ್ತಡ ಹಾಕುತ್ತದೆ.

ಆದರೆ ಫ್ರೇಮ್ ತಡೆದುಕೊಳ್ಳುತ್ತದೆಂದೇ ಇಟ್ಟುಕೊಳ್ಳೋಣ. ಆಗಲೂ ನಾನು ಬೇಡವೆಂದೇ ಹೇಳುತ್ತೇನೆ. ಫ್ರೇಮಿಗೆ ತಿಳಿಯುವುದು ಟ್ರಾವೆಲ್ ಅಲ್ಲ, ಆಕ್ಸಲ್‌ನಿಂದ ಕ್ರೌನ್‌ವರೆಗಿನ (ಫೋರ್ಕಿನ ಎರಡು ಕಾಲುಗಳು ಮೇಲೆ ಕೂಡುವ ಭಾಗ) ಉದ್ದ. ಆ ಉದ್ದ 30 ಮಿ.ಮೀ. ಹೆಚ್ಚಿದರೆ ಈ ಅಳತೆಯ ಬೈಕಿನಲ್ಲಿ ಹೆಡ್ ಆ್ಯಂಗಲ್ (ಹೆಡ್ ಟ್ಯೂಬ್ ನೆಲದೊಂದಿಗೆ ಮಾಡುವ ಕೋನ) ಸುಮಾರು ಒಂದೂವರೆ ಡಿಗ್ರಿ ಹಿಂದಕ್ಕೆ ಬಾಗುತ್ತದೆ. ಇದನ್ನು ಕೆಲವರು ಲಾಭವೆಂದೇ ಎಣಿಸುತ್ತಾರೆ, ಇಳಿಜಾರಿನಲ್ಲಿ ಅದು ಲಾಭವೂ ಹೌದು. ಆದರೆ ಅದರ ಜೊತೆಗೇ ಸೀಟ್ ಆ್ಯಂಗಲ್ ಕೂಡ ಅಷ್ಟೇ ಹಿಂದಕ್ಕೆ ಹೋಗುತ್ತದೆ, ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಭಾಗ) ಸುಮಾರು 10 ಮಿ.ಮೀ. ಮೇಲೇರುತ್ತದೆ, ರೀಚ್ (ಅಲ್ಲಿಂದ ಹೆಡ್ ಟ್ಯೂಬ್‌ನ ಮೇಲ್ತುದಿಗೆ ಅಡ್ಡವಾಗಿರುವ ದೂರ) ಸುಮಾರು 15 ಮಿ.ಮೀ. ಕುಗ್ಗುತ್ತದೆ. ಪರಿಣಾಮವಾಗಿ ಏರು ಹತ್ತುವಾಗ ಮುಂದಿನ ಚಕ್ರ ಅಲೆದಾಡುತ್ತದೆ, ನೀವು ಸೀಟಿನ ತುದಿಗೆ ಜರುಗಿ ಕೂರಬೇಕಾಗುತ್ತದೆ.

ಹಾರ್ಡ್‌ಟೇಲ್‌ಗೆ ಇನ್ನೂ ಒಂದು ತೊಡಕಿದೆ. ಹಿಂದೆ ಸಸ್ಪೆನ್ಷನ್ ಇಲ್ಲದ್ದರಿಂದ ಫೋರ್ಕ್ ಕುಸಿದಾಗ ಮುಂಭಾಗ ಮಾತ್ರ ತಗ್ಗಿ, ಹೆಡ್ ಆ್ಯಂಗಲ್ ಕಡಿದಾಗುತ್ತದೆ. 150ರ ಫೋರ್ಕ್ ಪೂರ್ತಿ ಕುಸಿದರೆ ಆ ವ್ಯತ್ಯಾಸ ಏಳು ಡಿಗ್ರಿಯ ಆಸುಪಾಸಿನದು. ಇಳಿಜಾರಿನ ನಡುವೆ ಬ್ರೇಕ್ ಒತ್ತಿದಾಗ ಬೈಕಿನ ಸ್ವಭಾವವೇ ಬದಲಾಗುವುದು ಯಾರಿಗೂ ಹಿತವಾಗದು.

ಉತ್ತರ 2: ಸ್ಪ್ಯಾನರ್

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಜೊತೆಗೆ ಹೆಡ್‌ಸೆಟ್‌ನ (ಸ್ಟೀರರ್ ತಿರುಗುವ ಬೇರಿಂಗ್‌ಗಳು, ಅವು ಕೂರುವ ಕಪ್‌ಗಳು) ಲೆಕ್ಕವನ್ನೂ ಸೇರಿಸಬೇಕು. 44 ಮಿ.ಮೀ.ನ ನೇರ ಹೆಡ್ ಟ್ಯೂಬಿಗೆ ಟೇಪರ್ಡ್ ಸ್ಟೀರರ್ ಹಾಕಬೇಕೆಂದರೆ ಕೆಳಗಿನ ಕಪ್ ಫ್ರೇಮಿನ ಹೊರಗೆ ಕೂರುವಂಥದ್ದೇ ಆಗಬೇಕು; ಅಂಗಡಿಯಲ್ಲಿ ಇಸಿ44/40 ಎಂದು ಕೇಳಿ. ನೇರ ಸ್ಟೀರರ್‌ಗೆ ಬಳಸುವ ಒಳಗಪ್ಪಿಗೆ (ಫ್ರೇಮಿನೊಳಗೆ ಕೂರುವ ಕಪ್) ಹೋಲಿಸಿದರೆ ಇದು ಮುಂಭಾಗವನ್ನು ಸುಮಾರು ಒಂದು ಸೆಂಟಿಮೀಟರ್ ಎತ್ತುತ್ತದೆ. ಫ್ರೇಮಿನ ಅಳತೆಗಳನ್ನು ಒಳಗಪ್ಪಿನ ಲೆಕ್ಕದಲ್ಲಿ ಕೊಟ್ಟಿದ್ದರೆ, 120ರ ಫೋರ್ಕ್ ಹಾಕಿದರೂ ನೀವು ಕೋನಗಳ ಮಟ್ಟಿಗೆ 130ರಲ್ಲಿ ಇದ್ದಂತೆಯೇ. ಹೀಗಾಗಿ ಟ್ರಾವೆಲ್ ನೋಡಿಯಷ್ಟೇ ಹೋಲಿಸಬೇಡಿ. ಒಂದೇ ಟ್ರಾವೆಲ್‌ನ ಎರಡು ಕಂಪನಿಗಳ ಫೋರ್ಕ್‌ಗಳ ಉದ್ದದಲ್ಲಿಯೂ ಹಲವು ಮಿಲಿಮೀಟರ್‌ಗಳ ಅಂತರ ಇರುವುದುಂಟು.

ಹಬ್ ವಿಷಯ: ಬೂಸ್ಟ್ ಎಂದರೆ 15×110, ನಿಮ್ಮದು 100. ಎರಡೂ ಬದಿಗೆ ಐದೈದು ಮಿ.ಮೀ. ಸ್ಪೇಸರ್ ಮತ್ತು ರೋಟರ್ (ಬ್ರೇಕಿನ ಡಿಸ್ಕ್) ಕೆಳಗೆ 5 ಮಿ.ಮೀ. ಸ್ಪೇಸರ್ ಬರುವ ಅಡಾಪ್ಟರ್ ಕಿಟ್ ಸಿಗುತ್ತದೆ, ಆರು ಬೋಲ್ಟ್‌ಗಳ ರೋಟರ್ ಇದ್ದರೆ ಉದ್ದನೆಯ ಬೋಲ್ಟ್‌ಗಳೂ ಬೇಕು. ರೋಟರ್ ಇಲ್ಲದ ಬದಿಗೆ ಒಂದೇ 10 ಮಿ.ಮೀ. ಸ್ಪೇಸರ್ ಹಾಕುವ ಕಿಟ್ ಆದರೆ ಕಡ್ಡಿಗಳನ್ನು ಬಿಗಿಗೊಳಿಸಿ ಸಡಿಲಿಸಿ ರಿಮ್ಮನ್ನು ಮತ್ತೆ ನಡುವಿಗೆ ತರಬೇಕಾಗುತ್ತದೆ.

ಪ್ರಶ್ನೆಕರ್ತರು: ಕಾಡುಹಾದಿ

ಇಬ್ಬರಿಗೂ ಧನ್ಯವಾದಗಳು. ಹೊರಗಪ್ಪಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಬಳಸಿದ ಫೋರ್ಕಿನ ಟ್ರಾವೆಲನ್ನು ಒಳಗಿನಿಂದಲೇ ಇಳಿಸಿಕೊಂಡರೆ ಹೇಗೆ? ಅದರ ಡ್ಯಾಂಪರ್ (ಫೋರ್ಕಿನ ಚಲನೆಯನ್ನು ನಿಧಾನಗೊಳಿಸುವ ಭಾಗ) ಬಹಳ ಒಳ್ಳೆಯದೆಂದು ಕೇಳಿದ್ದರಿಂದ ಬಿಡಲು ಮನಸ್ಸು ಬರುತ್ತಿಲ್ಲ.

ಉತ್ತರ 3: ಎಣ್ಣೆ ಮತ್ತು ಗಾಳಿ

ಹಲವು ಏರ್ ಫೋರ್ಕ್‌ಗಳಲ್ಲಿ ಏರ್ ಶಾಫ್ಟ್ ಬದಲಿಸಿ ಟ್ರಾವೆಲ್ ಹೆಚ್ಚು ಕಡಿಮೆ ಮಾಡಬಹುದು, ಆದರೆ ಪ್ರತಿ ಮಾದರಿಗೂ ಒಂದು ಕೆಳಮಿತಿಯಿದೆ. 36 ಮಿ.ಮೀ. ಸ್ಟ್ಯಾಂಚನ್‌ಗಳವು ಸಾಮಾನ್ಯವಾಗಿ ದೊಡ್ಡ ಟ್ರಾವೆಲ್‌ಗೆಂದೇ ಮಾಡಿದವು. 120ಕ್ಕೆ ಇಳಿಯುವ ಶಾಫ್ಟ್ ಇದೆಯೇ ಎಂದು ಬಿಡಿಭಾಗಗಳ ಪಟ್ಟಿಯಲ್ಲಿ ಮೊದಲು ನೋಡಿ. ಇದ್ದರೂ ನಿಮ್ಮ ಹಾದಿಗೆ ಆ ಫೋರ್ಕಿನ ತೂಕ ಅನಗತ್ಯ. 85 ಕೆ.ಜಿ.ಗೆ 32 ಮಿ.ಮೀ. ಸ್ಟ್ಯಾಂಚನ್ ಸ್ವಲ್ಪ ಬಳುಕುತ್ತದೆಂದು ನಾನೂ ಹೇಳುತ್ತಿದ್ದೆ, ಆದರೆ 34 ಧಾರಾಳವಾಗಿ ಸಾಕು.

ಡ್ಯಾಂಪರ್‌ಗೆ ಬೆಲೆ ಕೊಡುತ್ತಿರುವುದು ಸರಿಯಾದದ್ದೇ. ಲಾಕ್‌ಔಟ್ (ಫೋರ್ಕ್ ಕುಸಿಯದಂತೆ ತಡೆಹಿಡಿಯುವ ಸೌಲಭ್ಯ) ಇದೆಯೇ ಎಂಬುದಕ್ಕಿಂತ ರಿಬೌಂಡ್ (ಕುಸಿದ ಫೋರ್ಕ್ ಮರಳಿ ಏಳುವ ವೇಗ) ಹೊಂದಿಸಲು ಬರುತ್ತದೆಯೇ, ಕಡಿಮೆ ವೇಗದ ಕಂಪ್ರೆಷನ್ (ನಿಧಾನ ಕುಸಿತಕ್ಕೆ ಒಡ್ಡುವ ತಡೆ) ಹೊಂದಿಸಲು ಬರುತ್ತದೆಯೇ ಎಂಬುದನ್ನು ನೋಡಿ. ಬ್ರೇಕ್ ಹಾಕಿದಾಗ ಮೂತಿ ತಗ್ಗುವುದನ್ನು ಹಿಡಿತದಲ್ಲಿಡುವುದು ಇದೇ ಎರಡನೆಯದು, ಹಾರ್ಡ್‌ಟೇಲ್‌ಗೆ ಅದು ಹೆಚ್ಚು ಮುಖ್ಯ. ಸ್ಯಾಗನ್ನೂ (ನಿಮ್ಮ ತೂಕಕ್ಕೇ ಫೋರ್ಕ್ ಕುಸಿಯುವ ಅಳತೆ) ಸ್ವಲ್ಪ ಕಡಿಮೆಯೇ ಇಡಿ: ಸವಾರಿಯ ಉಡುಪು, ಚೀಲಗಳೊಂದಿಗೆ ನಿಂತು ಅಳೆದಾಗ 120ರಲ್ಲಿ 20ರಿಂದ 24 ಮಿ.ಮೀ. ಬಂದರೆ ಅಲ್ಲಿಂದ ಹೊಂದಿಸಲು ಶುರು ಮಾಡಬಹುದು. ಕೊನೆಯ ಭಾಗದಲ್ಲಿ ಬೇಗ ತಳ ಮುಟ್ಟುತ್ತಿದ್ದರೆ ಗಾಳಿ ಹೆಚ್ಚಿಸುವ ಬದಲು ವಾಲ್ಯೂಮ್ ಟೋಕನ್ (ಗಾಳಿಯ ಕೋಣೆಯ ಜಾಗ ಕಿರಿದಾಗಿಸುವ ತುಂಡು) ಒಂದನ್ನು ಸೇರಿಸಿ ನೋಡಿ.

ಬಳಸಿದ್ದನ್ನೇ ಕೊಳ್ಳುವುದಾದರೆ ಸ್ಟ್ಯಾಂಚನ್‌ಗಳ ಮೇಲಿನ ಲೇಪನ ಸವೆದಿದೆಯೇ, ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ಹಿಂದಕ್ಕೆ ದಬ್ಬಿದಾಗ ಕ್ರೌನ್ ಕಿರುಗುಟ್ಟುತ್ತದೆಯೇ ಎಂದು ಪರೀಕ್ಷಿಸಿ. ಸ್ಟೀರರ್, ಕ್ರೌನ್, ಸ್ಟ್ಯಾಂಚನ್‌ಗಳು ಒತ್ತಿ ಕೂರಿಸಿದ ಒಂದೇ ಘಟಕವಾದ್ದರಿಂದ ಒಂದು ಕೆಟ್ಟರೆ ಮೂರನ್ನೂ ಬದಲಿಸಬೇಕು. ಹಿಂದಿನ ಮಾಲೀಕರು ಸರ್ವಿಸ್ ಮಾಡಿಸಿದ್ದರೇ ಎಂಬುದನ್ನೂ ಕೇಳಿ. ರಾಕ್‌ಶಾಕ್ಸ್ ತನ್ನ ಫೋರ್ಕ್‌ಗಳ ಕೆಳಕಾಲುಗಳಿಗೆ 50 ಗಂಟೆ ಓಡಿದ ಮೇಲೆ, ಸ್ಪ್ರಿಂಗ್ ಮತ್ತು ಡ್ಯಾಂಪರ್‌ಗೆ 200 ಗಂಟೆಯ ಮೇಲೆ ಸರ್ವಿಸ್ ಸೂಚಿಸುತ್ತದೆ. ಅದನ್ನು ಪಾಲಿಸುವವರು ಕಡಿಮೆ.

ಉತ್ತರ 2ರವರಿಂದ ಮತ್ತೆ: ಸ್ಪ್ಯಾನರ್

ಬಳಸಿದ ಫೋರ್ಕಿನ ಸ್ಟೀರರ್ ಎಷ್ಟಕ್ಕೆ ಕತ್ತರಿಸಲಾಗಿದೆ ಎಂದು ಕೇಳುವುದನ್ನು ಮರೆಯಬೇಡಿ. ಹೆಡ್ ಟ್ಯೂಬ್, ಹೆಡ್‌ಸೆಟ್‌ನ ಎರಡೂ ತುದಿಗಳ ಎತ್ತರ, ಸ್ಪೇಸರ್, ಸ್ಟೆಮ್ ಇವೆಲ್ಲ ಕೂಡಿದ ಮೊತ್ತಕ್ಕಿಂತ ಸ್ಟೀರರ್ ಸುಮಾರು 3 ಮಿ.ಮೀ. ಮಾತ್ರ ಗಿಡ್ಡವಿರಬೇಕು. ಹೆಚ್ಚು ಗಿಡ್ಡವಾಗಿದ್ದರೆ ಉಳಿದ ಚರ್ಚೆಗೆ ಅರ್ಥವಿಲ್ಲ. ಹೊಸದನ್ನೇ ತಂದರೆ ಬಿಗಿಯುವ ಮುನ್ನ ಹ್ಯಾಂಡಲ್ ಪೂರ್ತಿ ತಿರುಗಿಸಿ, ಕ್ರೌನ್ ಮೇಲಿನ ಗುಂಡಿಗಳು ಡೌನ್ ಟ್ಯೂಬಿಗೆ ತಾಗುತ್ತವೆಯೇ ಎಂದು ನೋಡಿಕೊಳ್ಳಿ.