ಹಂಪಿ–ಆನೆಗುಂದಿ ಟ್ರಿಪ್: ಆ್ಯಪಿನಲ್ಲಿ ಬುಕ್ ಮಾಡೋದೋ, ನೇರವಾಗಿ ಫೋನ್ ಹಚ್ಚೋದೋ?

ಪ್ರಶ್ನೆ (ಕೊಪ್ಪಳದಿಂದ, ಪ್ರಾಥಮಿಕ ಶಾಲಾ ಶಿಕ್ಷಕಿ):

ಅಣ್ಣಾರ, ನಮಸ್ಕಾರ. ದಸರಾ ರಜೆಗೆ ಪುಣೆಯಿಂದ ಮೈದುನನ ಕುಟುಂಬ ಬರ್ತೈತಿ. ಎಲ್ಲಾ ಸೇರಿ ಒಂಬತ್ತು ಮಂದಿ. ಅದರಾಗ ಮೂವರು ಹತ್ತು ವರ್ಷದ ಒಳಗಿನ ಮಕ್ಕಳು, ಜೊತೆಗೆ ಮೊಣಕಾಲು ನೋವಿನ ನಮ್ಮ ಅತ್ತಿ. ಎರಡು ದಿನದಾಗ ಹಂಪಿ, ಆನೆಗುಂದಿ, ಸಣಾಪುರದ ತೆಪ್ಪ, ದರೋಜಿ ಕರಡಿಧಾಮ ನೋಡಬೇಕು. ಮೈದುನ ಆನ್‌ಲೈನಿನಾಗ ಒಂದು ಪ್ಯಾಕೇಜ್ ಹುಡುಕ್ಯಾರ. ತಲೆಗೆ 3,200 ರೂಪಾಯಿ, ‘ಗಾಡಿ, ಗೈಡ್, ಎಂಟ್ರಿ ಟಿಕೆಟ್, ಬೋಟಿಂಗ್ ಸೇರಿ’ ಅಂತ ಬರೆದಾರ. ನಮ್ಮ ಮನೆಯವರು, ‘ಹೊಳಿದಾಟಿ ಹೋಗಾಕ ಆ್ಯಪ್ ಯಾಕ ಬೇಕು, ಗಂಗಾವತಿಯವರಿಗೇ ಫೋನ್ ಹಚ್ಚು’ ಅಂತಾರ. ಯಾರ ಮಾತು ಕೇಳಲಿ?

ಉತ್ತರ (ಗಂಗಾವತಿಯಲ್ಲಿ ಟ್ರಾವೆಲ್ಸ್ ನಡೆಸುವವರು):

ಅಕ್ಕೋರೇ, ನಮಸ್ಕಾರ. ನನ್ನ ಗಾಡಿ ಆನ್‌ಲೈನಿನಲ್ಲೂ ಸಿಗುತ್ತದೆ, ಫೋನಿನಲ್ಲೂ ಸಿಗುತ್ತದೆ. ಎರಡೂ ಕಡೆಯ ಅನ್ನ ತಿಂದವನು, ಹಾಗಾಗಿ ಲೆಕ್ಕ ಬಿಚ್ಚಿಯೇ ಹೇಳ್ತೀನಿ. ಇಂಥ ಪ್ಲಾಟ್‌ಫಾರ್ಮ್‌ಗಳು ಸಾಮಾನ್ಯವಾಗಿ ನೂರಕ್ಕೆ 20ರಿಂದ 30 ಕಮಿಷನ್ ಹಿಡಿಯುತ್ತವೆ. ನೀವು ಕೊಟ್ಟ ಸಾವಿರದಲ್ಲಿ ಗಾಡಿಯವನು, ಗೈಡು, ಅಂಬಿಗ ಎಲ್ಲರಿಗೂ ಸೇರಿ ಉಳಿಯೋದು 700–800. ಅದನ್ನು ತುಂಬಿಕೊಳ್ಳಲು ಕೆಲವರು ದರ ಏರಿಸುತ್ತಾರೆ, ಕೆಲವರು ಸುತ್ತಾಟ ಮೊಟಕು ಮಾಡುತ್ತಾರೆ.

ಇನ್ನು ‘ಎಂಟ್ರಿ ಟಿಕೆಟ್ ಸೇರಿ’ ಅನ್ನೋ ಮಾತು. ಹಂಪಿಯಲ್ಲಿ ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ ಕೌಂಟರಿನಲ್ಲಿ 40 ರೂಪಾಯಿ, ಆನ್‌ಲೈನಿನಲ್ಲಿ ಕಟ್ಟಿದರೆ 35. ಹದಿನೈದರ ಒಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಆ ಒಂದು ಟಿಕೆಟಿನಲ್ಲಿ ಅದೇ ದಿನ ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲಿನ ಆವರಣ, ಕಮಲಾಪುರದ ಮ್ಯೂಸಿಯಂ ಮೂರೂ ನೋಡಬಹುದು. ಮ್ಯೂಸಿಯಂಗೆ ಶುಕ್ರವಾರ ರಜೆ, ಅದನ್ನು ನೋಡಿ ದಿನ ಹಾಕಿಕೊಳ್ರಿ. ನಿಮ್ಮ ಆರು ಮಂದಿ ದೊಡ್ಡವರಿಗೆ ಆಗೋದು 240 ರೂಪಾಯಿ. 28,800ರ ಪ್ಯಾಕೇಜಿನಲ್ಲಿ ಟಿಕೆಟ್ ಅನ್ನೋದು ಬರೀ ತೋರಿಕೆ. ಅದನ್ನು ಇಲಾಖೆಯ ಆನ್‌ಲೈನ್ ಟಿಕೆಟಿನಲ್ಲಿ ನೀವೇ ಮಾಡಿಕೊಳ್ರಿ, ಅದಕ್ಕೆ ಯಾರೂ ನಡುವೆ ಬೇಕಿಲ್ಲ.

ಆದರೆ ತೆಪ್ಪ ಟಿಕೆಟಿನಂಥದ್ದಲ್ಲ. ಅದು ನೀರಿನ ಮೇಲಿನ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದದ್ದು ನಿಮಗೂ ನೆನಪಿರುತ್ತದೆ. ಆ ವಾರ ನನ್ನ ಬಳಿ ಎರಡು ಬುಕಿಂಗ್ ಇದ್ದವು. ರಾಯಚೂರಿನ ಒಂದು ಕುಟುಂಬ ನೇರವಾಗಿ ಫೋನಿನಲ್ಲಿ ಮಾತಾಡಿತ್ತು. ಬೆಳಿಗ್ಗೆ ಆರಕ್ಕೇ ಅವರಿಗೆ ಫೋನ್ ಮಾಡಿ, ‘ಹೊಳಿ ಬಂದೈತ್ರಿ, ಇವತ್ತು ತೆಪ್ಪ ಇಲ್ಲ’ ಅಂದೆ. ಹೊಳಿ ದಾಟೋದು ಬಿಟ್ಟು ಕಡೆಬಾಗಿಲು ಸೇತುವೆ ಸುತ್ತಿ ಆನೆಗುಂದಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಮೇಲೆ ದರೋಜಿ. ಸಂಜೆ ಬಂಡೆ ಸಂದಿಯಿಂದ ಕರಡಿ ಮರಿ ಹೊತ್ತುಕೊಂಡು ಇಳಿದಾಗ ವಾಚ್‌ಟವರಿನ ಮೇಲೆ ಅವರ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ತೆಪ್ಪದ ದುಡ್ಡು ಬಿಲ್ಲಿನಲ್ಲಿ ಕಳೆದುಬಿಟ್ಟೆ.

ಇನ್ನೊಂದು ಕುಟುಂಬ ಪ್ಲಾಟ್‌ಫಾರ್ಮಿನಿಂದ ಬಂದದ್ದು. ಅವರ ನಂಬರ್ ನನಗೆ ಕಾಣುತ್ತಿರಲಿಲ್ಲ, ಅಲ್ಲೇ ಮೆಸೇಜ್ ಹಾಕಬೇಕಿತ್ತು. ಹಾಕಿದೆ, ಅವರು ನೋಡಲಿಲ್ಲ. ವಿರೂಪಾಕ್ಷನ ಗುಡಿ ಹಿಂದಿನ ದಡಕ್ಕೆ ಬಂದು, ಕೆಂಪು ನೀರು ಮೆಟ್ಟಿಲು ಮುಳುಗಿಸಿದ್ದನ್ನು ನೋಡುತ್ತಾ ನಿಂತುಬಿಟ್ಟರು. ನಾನು ಅವರನ್ನು ಹುಡುಕಿ ಹಿಡಿಯೋ ಹೊತ್ತಿಗೆ ಹನ್ನೆರಡಾಗಿತ್ತು. ಖರೆ ಹೇಳಬೇಕಂದ್ರ, ಅವರ ದುಡ್ಡು ಪೂರ್ತಿ ವಾಪಸ್ ಬಂತು. ಆದರೆ ಅರ್ಧ ದಿನ ಹೋಯಿತು. ಆ ಮುಖಗಳು ಇವತ್ತಿಗೂ ನನಗೆ ಕಾಡುತ್ತವೆ.

ಅತ್ತಿಯವರ ಮೊಣಕಾಲಿಗೂ ಇದೇ ಮಾತು. ಆನೆಗುಂದಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಪ್ಯಾಕೇಜಿನಲ್ಲಿ ‘ಅಂಜನಾದ್ರಿ’ ಅಂತಷ್ಟೇ ಇರುತ್ತದೆ. ಫೋನಿನಲ್ಲಿ ಮಾತಾಡಿದರೆ, ‘ಅವರನ್ನು ಆ ಹೊತ್ತು ಆನೆಗುಂದಿಯಲ್ಲಿ ಕೂರಿಸೋಣ’ ಅಂತ ಮೊದಲೇ ಗೊತ್ತುಮಾಡಬಹುದು. ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ ಇದೆ, ಅಲ್ಲಿ ಚಿಂತೆ ಇಲ್ಲ. ನನ್ನ ಕೇಳಿದರೆ, ನಿಮ್ಮಂಥ ಗುಂಪಿಗೆ ನೇರ ಬುಕಿಂಗೇ ಸರಿ.

ಮರುಪ್ರಶ್ನೆ (ಅದೇ ಶಿಕ್ಷಕಿ):

ಮೈದುನಗ ಅಡ್ವಾನ್ಸಿನದೇ ಹೆದರಿಕಿ. ‘ಆ್ಯಪಿನಾಗ ಆದ್ರ ಕ್ಯಾನ್ಸಲ್ ಮಾಡಿದ್ರ ರೊಕ್ಕ ಬರ್ತೈತಿ, ಮುಖ ನೋಡದವರಿಗೆ ಫೋನ್‌ಪೇ ಮಾಡಿದ್ರ ಯಾರನ್ನ ಕೇಳೋದು’ ಅಂತಾರ.

ಉತ್ತರ:

ಅವರ ಹೆದರಿಕೆ ನ್ಯಾಯವಾದದ್ದೇ. ದೊಡ್ಡ ಪ್ಲಾಟ್‌ಫಾರ್ಮ್‌ಗಳಲ್ಲಿ ಹೆಚ್ಚಿನ ಟೂರ್‌ಗಳಿಗೆ 24 ಗಂಟೆ ಮೊದಲು ರದ್ದು ಮಾಡಿದರೆ ಪೂರ್ತಿ ದುಡ್ಡು ಬರುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಗುರುತು ಪರಿಚಯ ಇಲ್ಲದ ಊರಿಗೆ ಹೋಗುವಾಗ ನಾನೂ ಆನ್‌ಲೈನಿನಲ್ಲೇ ಬುಕ್ ಮಾಡುತ್ತೇನೆ.

ನೇರವಾಗಿ ಮಾಡುವಾಗ ಆ ಭದ್ರತೆಯನ್ನು ನಾವೇ ಕಟ್ಟಿಕೊಳ್ಳಬೇಕು. ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಅಡ್ವಾನ್ಸ್ ಕೊಡಬೇಡ್ರಿ. ಫೋನ್‌ಪೇಯಲ್ಲಿ ಬರುವ ಹೆಸರು ಅಂಗಡಿಯ ಅಥವಾ ಮಾಲೀಕರ ಹೆಸರಿಗೆ ಹೊಂದಬೇಕು. ಗಾಡಿ ನಂಬರ್, ಎಷ್ಟು ಕಿಲೋಮೀಟರ್, ಡ್ರೈವರ್ ಬಾಟಾ ಮತ್ತು ಪಾರ್ಕಿಂಗ್ ಯಾರದ್ದು, ಡ್ಯಾಮಿನಿಂದ ನೀರು ಬಿಟ್ಟು ತೆಪ್ಪ ನಿಂತರೆ ಬಿಲ್ಲಿನಲ್ಲಿ ಎಷ್ಟು ಕಳೆಯುತ್ತಾರೆ, ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ರಿ. ಬರೆದುಕೊಡಲು ಹಿಂದೆಮುಂದೆ ನೋಡುವವರ ಗಾಡಿ ಹತ್ತಬೇಡ್ರಿ. ಗಾಡಿ ಹಳದಿ ಬೋರ್ಡಿನದೇ ಇರಲಿ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಅಗ್ಗ, ಆದರೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಗೈಡ್ ಹತ್ತಿರ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳ್ರಿ, ಕೇಳಿದರೆ ಯಾರೂ ಬೇಜಾರಾಗಲ್ಲ. ತೆಪ್ಪದಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ ದಡದಲ್ಲೇ ಇಳಿಸಿಬಿಡ್ರಿ. ದೊಡ್ಡವರ ಜಾಕೆಟ್ ತೊಡಿಸಿದರೆ ಮಗು ಕೆಳಗಿಂದ ಜಾರುತ್ತದೆ.

ಪ್ರಶ್ನೆ (ಸಿಂಧನೂರಿನಿಂದ, ಇನ್ನೊಬ್ಬ ಸದಸ್ಯ):

ಅಣ್ಣಾ, ದಾಂಡೇಲಿಯ ಒಂದು ರೆಸಾರ್ಟ್‌ಗೆ ನೇರವಾಗಿಯೇ ಬುಕ್ ಮಾಡಿದ್ವಿ. ಮ್ಯಾಪಿನಲ್ಲಿ ಸಿಕ್ಕ ನಂಬರಿಗೆ ನಿನ್ನೆ ರಾತ್ರಿ 6,000 ಹಾಕಿದ್ವಿ, ಈಗ ಸ್ವಿಚ್ ಆಫ್. ರೆಸಾರ್ಟಿನವರು ಅದು ನಮ್ಮ ನಂಬರೇ ಅಲ್ಲ ಅಂತಾರ.

ಉತ್ತರ:

ತಮ್ಮಾ, ಇದನ್ನು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ವ್ಯವಹಾರದ ನಂಬರ್, ಸಮಯ ಕೈಯಲ್ಲಿಟ್ಟುಕೋ. ಬ್ಯಾಂಕಿಗೂ ತಿಳಿಸು. ದುಡ್ಡು ಮುಂದಿನ ಖಾತೆಗೆ ಹಾರುವ ಮೊದಲು ದೂರು ಬಿದ್ದರೆ ತಡೆಹಿಡಿಯಲು ಸಾಧ್ಯ. ‘ವಾಪಸ್ ಹಾಕ್ತೀವಿ, ಪಿನ್ ಒತ್ತಿ’ ಅಂತ ಫೋನ್ ಬಂದರೆ ಒತ್ತಬೇಡ. ದುಡ್ಡು ಬರೋದಕ್ಕೆ ಪಿನ್ ಬೇಕಿಲ್ಲ. ಮ್ಯಾಪಿನಲ್ಲಿ ನಂಬರನ್ನು ಯಾರು ಬೇಕಾದರೂ ತಿದ್ದಲು ಕಳಿಸಬಹುದು. ಮುಂದೆ ನಂಬರನ್ನು ಎರಡು ಕಡೆ ತಾಳೆ ನೋಡು.

ಮರುಪ್ರಶ್ನೆ (ಶಿಕ್ಷಕಿ):

ಕಡೀದೊಂದು ಅಣ್ಣಾರ. ಆ್ಯಪಿನಾಗ ಬುಕ್ ಮಾಡಿ, ಗಾಡಿಯವರ ನಂಬರ್ ಸಿಕ್ಕ ಮ್ಯಾಲ ಕ್ಯಾನ್ಸಲ್ ಮಾಡಿ, ನೇರ ಕಡಿಮಿಗೆ ಮಾತಾಡಬಹುದಾ?

ಉತ್ತರ:

ಅದು ಬ್ಯಾಡ್ರಿ ಅಕ್ಕೋರೇ. ಅಲ್ಲಿ ವಿಮರ್ಶೆ ಓದ್ರಿ, ಫೋಟೋ ನೋಡ್ರಿ, ನಡೆಸುವವರ ಹೆಸರು ತಿಳಿದುಕೊಂಡು ಬುಕ್ ಮಾಡೋ ಮೊದಲೇ ಅವರಿಗೆ ಫೋನ್ ಮಾಡ್ರಿ, ತಪ್ಪಿಲ್ಲ. ಬುಕ್ ಆದಮೇಲೆ ಅಲ್ಲಿಂದ ಬಿಡಿಸಿಕೊಂಡು ಬಂದವರನ್ನು ನಾನು ತೆಗೆದುಕೊಳ್ಳಲ್ಲ. ಆ ಪ್ಲಾಟ್‌ಫಾರ್ಮಿಗೆ ನಾನು ಮಾತು ಕೊಟ್ಟಿದ್ದೇನೆ.

ಮತ್ತೆ, ಮೈದುನ ರೂಮ್ ಹುಡುಕುವಾಗ ‘ಬಳ್ಳಾರಿ’ ಅಂತ ಹಾಕದಿರಲಿ. ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೂ ಹಳೇ ಹೆಸರಿನಲ್ಲೇ ಇನ್ನೂ ಎಷ್ಟೋ ಕಡೆ ತೋರಿಸುತ್ತಾರೆ. ಬಳ್ಳಾರಿ ಊರಿನಲ್ಲಿ ರೂಮ್ ಹಿಡಿದು ದಿನಾ ಒಂದೊಂದು ಕಡೆಗೇ ಅರವತ್ತು ಕಿಲೋಮೀಟರ್ ಓಡಾಡಿದವರನ್ನು ನೋಡಿದ್ದೇನೆ. ಹೊಸಪೇಟೆ, ಕಮಲಾಪುರ ಇಲ್ಲವೇ ಆನೆಗುಂದಿ ಅಂತ ಹುಡುಕಲಿ.