ಸ್ಟುಡಿಯೋ ಹಿತ್ತಲು ಊರಾದದ್ದು ಒಂದೇ ಚಿತ್ರದ ಖರ್ಚಿನಿಂದಲೇ?

ಡಿ.ಸಿ.ಎಂ. ನಿವಾಸಿ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ಲಾಸ್ ಏಂಜಲೀಸ್‌ನ ಸೆಂಚುರಿ ಸಿಟಿಯಲ್ಲಿರುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಗಾಜಿನ ಕಟ್ಟಡಗಳೇ ತುಂಬಿರುವ ಆ ಬಡಾವಣೆ ಒಂದು ಕಾಲಕ್ಕೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೋದ ಹಿತ್ತಲಾಗಿತ್ತೆಂದೂ, ‘ಕ್ಲಿಯೋಪಾತ್ರ’ ಚಿತ್ರಕ್ಕೆ ಸುರಿದ ಹಣದ ಹೊರೆ ತಾಳಲಾರದೆ ಕಂಪನಿಯವರು ಅದನ್ನು ಮಾರಿದರೆಂದೂ ಅವನು ಕಳೆದ ವಾರ ಫೋನಿನಲ್ಲಿ ಹೇಳಿದ. ದಾವಣಗೆರೆ ಕಾಟನ್ ಮಿಲ್ಲಿನ ಹೆಸರನ್ನು ಇಂದಿಗೂ ಹೊತ್ತಿರುವ ಬಡಾವಣೆಯಲ್ಲಿ ವಾಸಿಸುವ ನನಗೆ, ಉದ್ಯಮ ಸರಿದ ಮೇಲೆ ಅದರ ಹೆಸರು ಮಾತ್ರ ಊರಿನಲ್ಲಿ ಉಳಿಯುವುದು ಹೊಸ ಸಂಗತಿಯಲ್ಲ. ಆದರೆ ಒಂದೇ ಸಿನಿಮಾಕ್ಕಾಗಿ ಅಷ್ಟು ದೊಡ್ಡ ಬಯಲು ಕೈಬಿಟ್ಟಿತೆಂಬುದನ್ನು ಮನಸ್ಸು ಒಪ್ಪುತ್ತಿಲ್ಲ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ದುರ್ಗದ ನಿವೃತ್ತ ಉಪನ್ಯಾಸಕ:
ತಮ್ಮ ಅನುಮಾನ ಸರಿಯಾಗಿದೆ. ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಕಥೆ ಅರ್ಧ ಮಾತ್ರ ನಿಜವೆಂಬುದು ತಿಳಿಯುತ್ತದೆ. ಫಾಕ್ಸ್‌ನ ಅಧ್ಯಕ್ಷರಾಗಿದ್ದ ಸ್ಪೈರೋಸ್ ಸ್ಕೂರಾಸ್ ಮತ್ತು ಅವರ ಸಂಬಂಧಿಕರಾದ ವಕೀಲ ಎಡ್ಮಂಡ್ ಹೆರ್ಷರ್ ಈ ಜಾಗದಲ್ಲಿ ನಗರ ಕಟ್ಟುವ ಯೋಚನೆ ಮಾಡಿದ್ದು 1956ರಲ್ಲಿ. ವಾಸ್ತುಶಿಲ್ಪಿ ವೆಲ್ಟನ್ ಬೆಕೆಟ್ ಅವರ ಸಂಸ್ಥೆಗೆ ನಕ್ಷೆ ತಯಾರಿಸಲು ಒಪ್ಪಿಸಿದ್ದು 1957ರಲ್ಲಿ; ಮರುವರ್ಷ ಪತ್ರಕರ್ತರನ್ನು ಕರೆದು ಅದನ್ನು ಪ್ರಕಟಿಸಿದರು, ಅದೂ ಕೌಬಾಯ್ ಚಿತ್ರಗಳ ಸೆಟ್ಟಿನ ನಡುವೆಯೇ. ‘ಕ್ಲಿಯೋಪಾತ್ರ’ದ ಚಿತ್ರೀಕರಣ ಲಂಡನ್ನಿನ ಬಳಿ ಆರಂಭವಾದದ್ದು 1960ರಲ್ಲಿ. ಅಲ್ಲಿ ಕಟ್ಟಿದ್ದನ್ನೆಲ್ಲ ಬಿಟ್ಟು ರೋಮ್‌ನಲ್ಲಿ ಮತ್ತೆ ಕಟ್ಟಬೇಕಾಗಿ ಬಂದು, ಚಿತ್ರ ತೆರೆಕಂಡಾಗ 1963 ಆಗಿತ್ತು.

ಹಾಗಾದರೆ ಮಾರುವ ಅಗತ್ಯವಾದರೂ ಏನಿತ್ತು? ಚಿತ್ರ ತಯಾರಿಸುವವರೇ ಚಿತ್ರಮಂದಿರಗಳ ಒಡೆಯರೂ ಆಗಿರಬಾರದೆಂಬ 1948ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಟುಡಿಯೋಗಳ ಖಚಿತ ಆದಾಯ ತಪ್ಪಿತ್ತು, ಟಿ.ವಿ. ಬಂದು ಪ್ರೇಕ್ಷಕರು ಮನೆ ಹಿಡಿದಿದ್ದರು. ಇತ್ತ ಬೆವರ್ಲಿ ಹಿಲ್ಸ್‌ಗೆ ಅಂಟಿಕೊಂಡ ನೆಲಕ್ಕೆ ಬೆಲೆ ಏರುತ್ತಲೇ ಇತ್ತು. ಮೊದಲು ತಾವೇ ಕಟ್ಟಿ ಲಾಭ ಪಡೆಯುವ ಉದ್ದೇಶವಿತ್ತು. ಸಾಲುಸಾಲಾಗಿ ಚಿತ್ರಗಳು ಸೋತು, ಅದರ ಮೇಲೆ ‘ಕ್ಲಿಯೋಪಾತ್ರ’ದ ಖರ್ಚೂ ಬಿದ್ದಾಗ, ಸುಮಾರು 180 ಎಕರೆಯನ್ನು ವಿಲಿಯಂ ಝೆಕೆಂಡಾರ್ಫ್ ಎಂಬ ಬಿಲ್ಡರ್‌ಗೂ ಅವರೊಡನೆ ಕೈಜೋಡಿಸಿದ ಅಲ್ಕೋವಾ ಎಂಬ ಅಲ್ಯೂಮಿನಿಯಂ ಕಂಪನಿಗೂ ಬಿಟ್ಟುಕೊಟ್ಟರು. ಆ ಚಿತ್ರ ಅವಸರ ತಂದಿತೇ ಹೊರತು ಆಲೋಚನೆಯನ್ನು ಹುಟ್ಟಿಸಲಿಲ್ಲ.

ಹರಿಹರದ ಓದುಗ:
ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಹಿತ್ತಲು ಎಂದರೆ ಬರಿದೇ ಬಿದ್ದ ಬಯಲಲ್ಲ; ಒಂದು ಕಡೆ ಪೇಟೆ ಬೀದಿ, ಇನ್ನೊಂದು ಕಡೆ ಹಳ್ಳಿ ಎಂದು ವರ್ಷಗಟ್ಟಲೆ ನಿಂತಿರುತ್ತಿದ್ದ ಸೆಟ್ಟುಗಳ ಜಾಗ. ಚಿಕ್ಕಂದಿನಲ್ಲಿ ನಮ್ಮ ಮಾವನವರೊಡನೆ ಮದ್ರಾಸಿನ ಸ್ಟುಡಿಯೋ ಒಂದನ್ನು ನೋಡಿದ್ದೆ. ಮುಂದಿನಿಂದ ಎರಡಂತಸ್ತಿನ ಜಮೀನ್ದಾರರ ಮನೆ. ಬಾಗಿಲು ದಾಟಿದರೆ ಸರ್ವೆ ಕಂಬಗಳ ಊರುಗೋಲು, ಗೋಣಿತಟ್ಟಿನ ಮೇಲೆ ಮೆತ್ತಿದ ಪ್ಲಾಸ್ಟರಿನ ಒರಟು ಬೆನ್ನು, ಅದರಾಚೆ ಬಿಸಿಲಿನಲ್ಲಿ ಮಲಗಿದ್ದ ನಾಯಿ. ಇಂಥದ್ದನ್ನು ಕೆಡವಲು ಎಷ್ಟು ದಿನ ಬೇಕು? ಮದ್ರಾಸಿನಲ್ಲಿಯೂ ಅದೇ ಆಯಿತು. ವಡಪಳನಿಯ ವಿಜಯಾ-ವಾಹಿನಿಯ ಜಾಗದಲ್ಲಿ ಆಸ್ಪತ್ರೆ, ಮಾಲ್ ಎದ್ದವು. ಜೆಮಿನಿ ಸ್ಟುಡಿಯೋ ಹೋದರೂ, ಅಧಿಕೃತವಾಗಿ ಅಣ್ಣಾ ಹೆಸರಿನ ಮೇಲ್ಸೇತುವೆಯನ್ನು ಜನ ಇಂದಿಗೂ ಜೆಮಿನಿ ಎಂದೇ ಕರೆಯುತ್ತಾರೆ.

ಡಿ.ಸಿ.ಎಂ. ನಿವಾಸಿ, ದಾವಣಗೆರೆ:
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ಸೆಂಚುರಿ ಸಿಟಿಯಲ್ಲಿ ಹೆಸರಲ್ಲದೆ ಬೇರೆ ಗುರುತೇನೂ ಉಳಿದಿಲ್ಲವೆ?

ದುರ್ಗದ ನಿವೃತ್ತ ಉಪನ್ಯಾಸಕ:
ಸ್ಟುಡಿಯೋವೇ ಉಳಿದಿದೆ. ಮಾರದೆ ಇಟ್ಟುಕೊಂಡ ಭಾಗ ಪಿಕೋ ಬೂಲೆವಾರ್ಡ್ ಬದಿಯಲ್ಲಿ ಈಗಲೂ ಇದೆ. ಹೊಸ ಬಡಾವಣೆಯ ಮುಖ್ಯ ರಸ್ತೆಗೆ ‘ಅವೆನ್ಯೂ ಆಫ್ ದಿ ಸ್ಟಾರ್ಸ್’ ಎಂದು ಹೆಸರಿಟ್ಟರು. ಪಕ್ಕದಲ್ಲಿ ಗ್ಯಾಲಕ್ಸಿ, ಕಾನ್‌ಸ್ಟಲೇಷನ್ ಎಂಬ ರಸ್ತೆಗಳೂ ಇರುವುದರಿಂದ, ಅವು ಆಕಾಶದ ತಾರೆಗಳೋ ತೆರೆಯ ತಾರೆಗಳೋ ಎಂಬುದನ್ನು ತಾವೇ ತೀರ್ಮಾನಿಸಬಹುದು. ಮಿನೋರು ಯಮಸಾಕಿ ವಿನ್ಯಾಸ ಮಾಡಿದ ಸೆಂಚುರಿ ಪ್ಲಾಜಾ ಹೋಟೆಲ್ 1966ರಲ್ಲಿ ತೆರೆಯಿತು. ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಮಾತ್ರ ಬೇರೆಯೇ. 1969ರಲ್ಲಿ ತೆರೆಕಂಡ ‘ಹಲೋ, ಡಾಲಿ!’ ಚಿತ್ರಕ್ಕೆ ಹಳೆಯ ನ್ಯೂಯಾರ್ಕ್‌ನ ಬೀದಿ ಬೇಕಾದಾಗ, ಹಿತ್ತಲನ್ನು ಮಾರಿಕೊಂಡಿದ್ದ ಕಂಪನಿ ತನ್ನ ಉಳಿದ ಜಾಗದಲ್ಲಿದ್ದ ಕಚೇರಿ ಕಟ್ಟಡಗಳ ಮುಂದೆಯೇ ಸುಳ್ಳು ಮುಖಗಳನ್ನು ನಿಲ್ಲಿಸಿ ಆ ಬೀದಿಯನ್ನು ಕಟ್ಟಿಕೊಂಡಿತು.