ಪಿಜಿ ಪರೀಕ್ಷೆ: ಕುಮಟಾದ ಫಿಸಿಷಿಯನ್ ಮೇಡಂ ಹತ್ತಿರ ಕೇಳಿ

ಅಡ್ಮಿನ್: ನೀಟ್ ಪಿಜಿಗೆ (ಎಂಬಿಬಿಎಸ್ ಆದ ಮೇಲಿನ ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆ) ಓದುತ್ತಿರುವ ನಮ್ಮ ಜಿಲ್ಲೆಯ ಡಾಕ್ಟರುಗಳು ಇಲ್ಲಿ ಪ್ರಶ್ನೆ ಹಾಕಿ. ಎಂಡಿ ಮೆಡಿಸಿನ್ ಮಾಡಿ ಕುಮಟಾದಲ್ಲಿ ಪ್ರಾಕ್ಟೀಸ್ ಮಾಡುವ ಮೇಡಂ ಒಪಿಡಿ ಮುಗಿಸಿ ಬಂದು ಉತ್ತರಿಸುತ್ತಾರೆ. ಫಾರ್ವರ್ಡ್ ಮೆಸೇಜ್ ಬೇಡ.

ಇಂಟರ್ನ್, ಕಾರವಾರ: ನಮಸ್ತೆ ಮೇಡಂ. ದಿನಕ್ಕೆ ಎಷ್ಟು ಗಂಟೆ ಓದಬೇಕು?

ಮೇಡಂ: ಡ್ಯೂಟಿ ಇದ್ದ ದಿನ ಎರಡು ತಾಸು ಸಿಕ್ಕರೂ ಅಡ್ಡಿಲ್ಲ. ಅದನ್ನು ಎಂಸಿಕ್ಯೂಗೆ (ಬಹು ಆಯ್ಕೆ ಪ್ರಶ್ನೆಗಳಿಗೆ) ಇಡಿ. ವಿಡಿಯೋ ನೋಡಿದ್ದನ್ನು ಓದಿದ ಲೆಕ್ಕಕ್ಕೆ ಹಿಡಿಯಬೇಡಿ. ವಾರ್ಡಿನಲ್ಲಿ ನೋಡಿದ ಕೇಸನ್ನು ಅವತ್ತೇ ರಾತ್ರಿ ಓದಿ. ಡಿಕೆಎ (ಸಕ್ಕರೆ ಕಾಯಿಲೆಯಲ್ಲಿ ರಕ್ತ ಆಮ್ಲೀಯವಾಗುವ ಸ್ಥಿತಿ) ಪೇಷಂಟಿಗೆ ಇನ್ಸುಲಿನ್ ಹಾಕುವ ಮುಂಚೆ ಪೊಟ್ಯಾಸಿಯಂ ಯಾಕೆ ನೋಡುತ್ತಾರೆ ಅಂತ ಬೆಡ್ ಪಕ್ಕದಲ್ಲಿ ಅರ್ಥವಾದರೆ ಮತ್ತೆ ಮರೆಯುವುದಿಲ್ಲ.

ಎಂಬಿಬಿಎಸ್, ಶಿರಸಿ: ಗೊತ್ತಿಲ್ಲದ ಪ್ರಶ್ನೆ ಬಿಡಬೇಕಾ, ಹೊಡೆಯಬೇಕಾ?

ಮೇಡಂ: ಸರಿಯಾದರೆ 4, ತಪ್ಪಾದರೆ ಮೈನಸ್ 1. ನಾಲ್ಕರಲ್ಲಿ ಕಣ್ಣುಮುಚ್ಚಿ ಒಂದು ಒತ್ತಿದರೂ ಸರಾಸರಿ ಕಾಲು ಅಂಕ ಲಾಭದ ಕಡೆಗೇ ಇದೆ. ಎರಡು ಆಯ್ಕೆ ತೆಗೆದುಹಾಕಲು ಆದರೆ ಸರಾಸರಿ ಒಂದೂವರೆ. ಹೊಡೆಯಿರಿ. ಐಎನ್‌ಐ ಸಿಇಟಿಯ (ಏಮ್ಸ್‌ನಂಥ ಸಂಸ್ಥೆಗಳ ಪಿಜಿ ಪ್ರವೇಶ ಪರೀಕ್ಷೆ) ಲೆಕ್ಕ ಬೇರೆ. ಅಲ್ಲಿ ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ, ಸರಿಗೆ ಸಿಗುವುದು 1 ಮಾತ್ರ.

ಪಿಎಚ್‌ಸಿ ವೈದ್ಯೆ, ಜೋಯಿಡಾ ಕಡೆ: ಮೇಡಂ, ಒಪಿಡಿ ಮುಗಿಸಿ ರಾತ್ರಿ ಓದುತ್ತೇನೆ. ನಿದ್ದೆ ಬರಬಾರದು ಅಂತ ಸಂಜೆ 6ಕ್ಕೆ ಮೊಡಾಫಿನಿಲ್ ತೆಗೆದುಕೊಳ್ಳುತ್ತಿದ್ದೇನೆ. ಗ್ರ್ಯಾಂಡ್ ಟೆಸ್ಟ್ (ಪೂರ್ತಿ ಅಣಕು ಪರೀಕ್ಷೆ) ದಿನ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಪಿಜಿ ಗ್ರೂಪಿನಲ್ಲಿ ಬಂದ ಲಿಸ್ಟ್ ನೋಡಿ ಟೆಸ್ಟಿಗೆ ಮುಂಚೆ ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ 40 ತೆಗೆದುಕೊಂಡೆ. ಹೋದ ಎರಡು ಟೆಸ್ಟಿನ ದಿನ ಸಂಜೆ ಎದೆ ಬಿಗಿದು ಉಬ್ಬಸ ಬಂತು. ಚಿಕ್ಕಂದಿನಲ್ಲಿ ಆಸ್ತಮಾ ಇತ್ತು, ಈಗ ಇನ್ಹೇಲರ್ ಇಲ್ಲ. ಕೊನೆಯ ಸೆಕ್ಷನ್‌ನಲ್ಲಿ ತಲೆ ಖಾಲಿ. ಸ್ಕೋರ್ ಮೇಲೆ ಹೋಗ್ತಾನೇ ಇಲ್ಲ. ಎಲ್ಲಾ ಬಿಟ್ಟುಬಿಡೋಣ ಅನಿಸುತ್ತದೆ.

ಮೇಡಂ: ತಂಗಿ, ಸ್ಕೋರ್ ವಿಷಯ ಆಮೇಲೆ. ಪ್ರೊಪ್ರನೊಲಾಲ್ ಇನ್ನು ಮುಟ್ಟಬೇಡಿ. ಆಸ್ತಮಾ ಇದ್ದವರಿಗೆ ಇದನ್ನು ಕೊಡಬಾರದು ಅಂತ ನಿಮ್ಮ ಎಂಸಿಕ್ಯೂ ಪುಸ್ತಕದಲ್ಲೇ ಇದೆ, ನೀವು ಸರಿ ಉತ್ತರ ಗುರುತು ಮಾಡಿಯೂ ಇರುತ್ತೀರಿ. ಈ ಮಾತ್ರೆ ಶ್ವಾಸನಾಳದ ಬೀಟಾ 2 ರಿಸೆಪ್ಟರ್ ಮುಚ್ಚಿದರೆ ಶ್ವಾಸನಾಳ ಬಿಗಿಯುತ್ತದೆ. ಆಮೇಲೆ ಸಾಲ್ಬುಟಮಾಲ್ ಇನ್ಹೇಲರ್ ಎಳೆದರೂ ಬೇಕಾದಷ್ಟು ಕೆಲಸ ಮಾಡುವುದಿಲ್ಲ. ಮಳೆಗಾಲ, ಕಾಡಿನ ನಡುವಿನ ಕ್ವಾರ್ಟರ್ಸ್, ರಾತ್ರಿ ಒಬ್ಬರೇ. ನನಗೆ ಹೆದರಿಕೆ ಆಗಿದ್ದು ಅದಕ್ಕೆ. ಟೆಸ್ಟಿನ ದಿನ ಮಾತ್ರ ತೆಗೆದುಕೊಂಡಿದ್ದರಿಂದ ನೀವು ತಕ್ಷಣ ನಿಲ್ಲಿಸಬಹುದು. ಬೇರೆ ಕಾಯಿಲೆಗೆ ದಿನವೂ ತೆಗೆದುಕೊಳ್ಳುವವರು ಇದನ್ನು ಓದಿ ಏಕಾಏಕಿ ಬಿಡಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು ಮೊಡಾಫಿನಿಲ್. ಅದರ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು) 12ರಿಂದ 15 ತಾಸು. ಸಂಜೆ 6ಕ್ಕೆ ನುಂಗಿದ್ದರಲ್ಲಿ ಅರ್ಧದಷ್ಟು ಮರುದಿನ ಬೆಳಿಗ್ಗೆ ಒಪಿಡಿಗೆ ಹೊರಡುವಾಗಲೂ ರಕ್ತದಲ್ಲಿ ಇರುತ್ತದೆ. ನಿದ್ದೆ ಎಲ್ಲಿಂದ ಬರಬೇಕು? ಎದೆ ಹೊಡೆದುಕೊಳ್ಳುವುದಕ್ಕೆ ಅದೇ ಕಾರಣ ಇರಬಹುದು. ಒಂದು ಮಾತ್ರೆ ತಂದ ತೊಂದರೆಗೆ ಇನ್ನೊಂದು ಮಾತ್ರೆ ಹಾಕಿದ್ದೀರಿ. ಪೇಷಂಟಿನ ಚೀಟಿಯಲ್ಲಿ ಹೀಗೆ ಕಂಡಿದ್ದರೆ ನೀವೇ ಬೈಯುತ್ತಿದ್ದಿರಿ. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ಮೊಡಾಫಿನಿಲ್ ತಗ್ಗಿಸುತ್ತದೆ. ಲಿಸ್ಟ್ ಕಳಿಸಿದ ಮಹಾಶಯರು ಅದನ್ನು ಬರೆದಿರಲಿಕ್ಕಿಲ್ಲ.

ನಿದ್ದೆ ಬಿಟ್ಟು ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಕೊನೆಯ ಸೆಕ್ಷನ್ ಖಾಲಿ ಆಗುವುದಕ್ಕೆ ಇದೂ ಕಾರಣ ಆಗಿರಬಹುದು. ರಾತ್ರಿ 10ಕ್ಕೆ ಮಲಗಿ. ಬೆಳಿಗ್ಗೆ 40 ಪ್ರಶ್ನೆ, 42 ನಿಮಿಷ, ಒಂದೇ ಒಂದು ಸೆಕ್ಷನ್ ಮಾಡಿ. ಪರೀಕ್ಷೆಯಲ್ಲಿ ಟೈಮ್ ಮುಗಿದ ಸೆಕ್ಷನ್‌ಗೆ ವಾಪಸ್ ಹೋಗಲು ಬರುವುದಿಲ್ಲ, ಹಾಗಾಗಿ ಅಭ್ಯಾಸವೂ ಹಾಗೇ ಆಗಬೇಕು. ಐದೂ ಸೆಕ್ಷನ್ ಒಟ್ಟಿಗೆ ಭಾನುವಾರ ಮಾತ್ರ.

ಈ ವಾರ ರಜೆ ಹಾಕಿ ಪಲ್ಮನಾಲಜಿಸ್ಟ್ ಹತ್ತಿರ ಸ್ಪೈರೋಮೆಟ್ರಿ (ಶ್ವಾಸಕೋಶದ ಊದುವ ಪರೀಕ್ಷೆ) ಮಾಡಿಸಿ. ನಿಮಗೆ ನೀವೇ ಸ್ಟೆತ್ ಇಟ್ಟುಕೊಂಡು ಎಲ್ಲ ಸರಿ ಇದೆ ಅನ್ನಬೇಡಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಷ್ಟು ಉಬ್ಬಸ ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ. ಬಿಟ್ಟುಬಿಡೋಣ ಅಂದಿದ್ದು ಓದನ್ನಾ, ಬೇರೆ ಏನನ್ನಾದರೂನಾ? ಎರಡನೆಯದಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ನನಗೂ ಮೆಸೇಜ್ ಮಾಡಿ. ಉತ್ತರ ಬೇಕು.

ಪಿಎಚ್‌ಸಿ ವೈದ್ಯೆ: ಓದನ್ನು ಮೇಡಂ. ಮೆಸೇಜ್ ಮಾಡಿದ್ದೇನೆ.

ಹಿರಿಯರು, ಹೊನ್ನಾವರ: ಮಕ್ಕಳೇ, ಈ ಇಂಗ್ಲಿಷ್ ಮಾತ್ರೆ ಎಂತಕ್ಕೆ? ಒಂದೆಲಗದ ರಸಕ್ಕೆ ಜೇನು ಹಾಕಿ ಖಾಲಿ ಹೊಟ್ಟೆಯಲ್ಲಿ 21 ದಿನ ಕುಡಿಯಿರಿ. ಒಮ್ಮೆ ಓದಿದ್ದು ಜನ್ಮದಲ್ಲಿ ಮರೆಯೋದಿಲ್ಲ. ಉಬ್ಬಸಕ್ಕೂ ಇದೇ. ಹತ್ತು ಜನರಿಗೆ ಕಳಿಸಿ.

ಮೇಡಂ: ಒಂದೆಲಗದ ತಂಬುಳಿ ಊಟಕ್ಕೆ ಚಂದ, ನಮ್ಮನೆಯಲ್ಲೂ ಮಾಡುತ್ತೇವೆ. ಉಬ್ಬಸ ಬಂದವರಿಗೆ ರಸ ಕುಡಿಸುತ್ತಾ ಕೂರಬೇಡಿ. ಜೀವ ಹೋಗುತ್ತದೆ.

ಎಂಬಿಬಿಎಸ್, ಅಂಕೋಲಾ: ಹುಬ್ಬಳ್ಳಿ ಸೆಂಟರ್ ಬಂದರೆ ಬೆಳಿಗ್ಗೆ ಬೇಗ ಹೊರಟರೆ ಸಾಕಾ?

ಮೇಡಂ: ಹಿಂದಿನ ದಿನವೇ ಹೋಗಿ. 2024ರಲ್ಲಿ ಜುಲೈ 16ಕ್ಕೆ ನಿಮ್ಮ ಶಿರೂರಿನಲ್ಲೇ ಗುಡ್ಡ ಕುಸಿಯಿತು, ಪರೀಕ್ಷೆ ಇದ್ದದ್ದು ಆಗಸ್ಟ್ 11ಕ್ಕೆ. ಅರಬೈಲ್ ಘಾಟಿಯಲ್ಲಿ ಮರ ಬಿದ್ದರೆ ಸೆಂಟರ್ ಗೇಟಿನವರು ಕಾಯುವುದಿಲ್ಲ. ರೂಮ್ ಬುಕ್ ಮಾಡುವಾಗ ದುಡ್ಡು ವಾಪಸ್ ಬರುವ ಹಾಗೆ ಮಾಡಿ. ಅದೇ ವರ್ಷ ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದ್ದರು.

ಎಂಬಿಬಿಎಸ್, ಹಳಿಯಾಳ: ದಿನಕ್ಕೆ ಎಷ್ಟು ಗಂಟೆ ಓದಬೇಕು ಮೇಡಂ?

ಮೇಡಂ: ಮೇಲೆ ಇದೆ.

ಒಬ್ಬ ತಂದೆ, ಭಟ್ಕಳ: ಮಗಳು ಓದುತ್ತಿದ್ದಾಳೆ. ಸುಪ್ರೀಂ ಕೋರ್ಟ್ ಸ್ಟೇಟ್ ಕೋಟಾ ತೆಗೆದುಹಾಕಿತಂತೆ, ಹೌದಾ?

ಎಂಬಿಬಿಎಸ್, ಶಿರಸಿ: ಇಲ್ಲ ಸರ್. 2025ರ ಜನವರಿಯಲ್ಲಿ ಹೇಳಿದ್ದು, ಪಿಜಿ ಸೀಟಿಗೆ ವಾಸಸ್ಥಳದ ಮೇಲೆ ಮೀಸಲಾತಿ ಇಡುವಂತಿಲ್ಲ ಅಂತ. ಅದೇ ಕಾಲೇಜಿನಲ್ಲಿ ಎಂಬಿಬಿಎಸ್ ಓದಿದವರಿಗೆ ಒಂದು ಮಿತಿಯಲ್ಲಿ ಆದ್ಯತೆ ಕೊಡಬಹುದು. ಸರ್ಕಾರಿ ಕಾಲೇಜಿನ ಅರ್ಧ ಸೀಟಿಗೆ ಕೇಂದ್ರದ ಎಂಸಿಸಿ, ಉಳಿದದ್ದಕ್ಕೆ ರಾಜ್ಯದ ಕೆಇಎ ಕೌನ್ಸೆಲಿಂಗ್.

ವ್ಯಾಪಾರಿ, ಕುಮಟಾ: ಯಾವ ಕೋಟಾ ಆದರೆ ನಮಗೇನು? ಪಿಜಿ ಆದ ಮೇಲೆ ಎಲ್ಲರೂ ಬೆಂಗಳೂರು. ಆಕ್ಸಿಡೆಂಟ್ ಆದರೆ ನಾವು ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು.

ಇಂಟರ್ನ್, ಕಾರವಾರ: ನ್ಯೂರೋಸರ್ಜನ್ ಬಂದು ಎಲ್ಲಿ ಆಪರೇಷನ್ ಮಾಡಬೇಕು ಮಾರಾಯ್ರೆ, ನಿಮ್ಮ ಅಂಗಡಿಯಲ್ಲಾ? ಆಸ್ಪತ್ರೆ, ಐಸಿಯು, ಸಿಬ್ಬಂದಿ ಮೊದಲು ಬೇಕು.

ವ್ಯಾಪಾರಿ, ಕುಮಟಾ: ನಿಮ್ಮನ್ನು ಓದಿಸಿದ್ದು ನಮ್ಮ ತೆರಿಗೆ ದುಡ್ಡು ತಮ್ಮಾ.

ಇಂಟರ್ನ್, ಕಾರವಾರ: ಹೌದು, ಅದಕ್ಕೇ ರಾತ್ರಿ ಕ್ಯಾಶುವಾಲಿಟಿಯಲ್ಲಿ ನಿಮ್ಮವರ ಬೈಗುಳ ತಿನ್ನುತ್ತಿದ್ದೇನೆ.

ಎಂಬಿಬಿಎಸ್, ಯಲ್ಲಾಪುರ: ಇಬ್ಬರೂ ಬೇರೆ ಕಡೆ ಜಗಳ ಆಡಿ. ಮೇಡಂ, ಮೆಡಿಸಿನ್‌ಗೆ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪಿಜಿ ಪದವಿ) ಒಳ್ಳೆಯದಾ, ಎಂಡಿ ಒಳ್ಳೆಯದಾ?

ವ್ಯಾಪಾರಿ, ಕುಮಟಾ: ನೀವು ಯಾರು ಹೇಳಲಿಕ್ಕೆ? ಇದು ಜಿಲ್ಲೆಯ ವಿಷಯ.

ಎಂಬಿಬಿಎಸ್, ಸಿದ್ದಾಪುರ: ಮೇಡಂ, ಮಂಗನ ಕಾಯಿಲೆ ಪಿಎಸ್‌ಎಂನಲ್ಲಿ (ಸಮುದಾಯ ವೈದ್ಯಕೀಯ ವಿಷಯ) ಬರುತ್ತದಾ? ಎಷ್ಟು ಓದಬೇಕು?

ಮೇಡಂ: ನಮ್ಮೂರ ಕಾಯಿಲೆಯಲ್ಲಿ ನಾವು ಅಂಕ ಬಿಟ್ಟರೆ ಮರ್ಯಾದೆ ಹೋಗುತ್ತದೆ. ಪತ್ತೆಯಾದದ್ದು 1957, ಕ್ಯಾಸನೂರು ಕಾಡು; ಕಾರಣ ಫ್ಲಾವಿವೈರಸ್, ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಉಣುಗು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬರುತ್ತದೆ, ಎರಡನೇ ಸಲ ಮಿದುಳಿನ ಲಕ್ಷಣ ನೋಡಿ. ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್ ಬೇಡ. ಸೀಸನ್‌ನಲ್ಲಿ ನಿಮ್ಮ ಪಿಎಚ್‌ಸಿಗೆ ಕಾಡಿಗೆ ದರಕು (ಒಣಗಿದ ತರಗೆಲೆ) ಗುಡಿಸಲು ಹೋದವರು ಜ್ವರ ಅಂತ ಬಂದರೆ ಮೊದಲು ಮಂಗ ಸತ್ತದ್ದು ಕಂಡಿತ್ತಾ ಅಂತ ಕೇಳಿ. ಅದು ಪರೀಕ್ಷೆಗಿಂತ ದೊಡ್ಡ ಪ್ರಶ್ನೆ.

ಹೊಸ ಸದಸ್ಯ: ನೀಟ್ ಪಿಜಿ ಪೇಪರ್ ಟೆಲಿಗ್ರಾಂನಲ್ಲಿ ಸಿಗ್ತಿದೆ. ಅಡ್ವಾನ್ಸ್ ಕಡಿಮೆ. ಲಿಂಕ್ ಬೇಕಾದವರು ಹೇಳಿ.

ಮೇಡಂ: ಮೋಸ. ಪರೀಕ್ಷೆ ನಡೆಸುವ ಮಂಡಳಿಯೇ ಇಂಥ ಚಾನೆಲ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ದುಡ್ಡು ಕೊಟ್ಟವರೂ ಸಿಕ್ಕಿಬೀಳುತ್ತೀರಿ. ಅಡ್ಮಿನ್, ಇದನ್ನು ತೆಗೆಯಿರಿ.

ಹಿರಿಯರು, ಹೊನ್ನಾವರ: ಮೇಡಂಗೆ ಆಯುರ್ವೇದದ ಮೇಲೆ ಸಿಟ್ಟು ಯಾಕೋ. ಈ ವಿಡಿಯೋ ನೋಡಿ, ಬ್ರಾಹ್ಮಿ ಎಣ್ಣೆ ಮೂಗಿಗೆ ಹಾಕಿದರೆ ಆಸ್ತಮಾ ಬುಡದಿಂದ ಹೋಗುತ್ತದೆ.

ಮೇಡಂ: ಮೂಗಿಗೆ ಹಾಕಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಲಿಪಾಯ್ಡ್ ನ್ಯುಮೋನಿಯಾ ಆಗಬಹುದು. ಆಸ್ತಮಾ ಇರುವ ಹುಡುಗಿ ಈ ಗುಂಪಿನಲ್ಲೇ ಓದುತ್ತಿದ್ದಾಳೆ, ಅದಾದರೂ ನೆನಪಿರಲಿ. ಇನ್ನೊಂದು ವಿಡಿಯೋ ಬಂದರೆ ನಾನು ಗುಂಪು ಬಿಡುತ್ತೇನೆ.

ಎಂಬಿಬಿಎಸ್, ಯಲ್ಲಾಪುರ: ಮೇಡಂ, ಡಿಎನ್‌ಬಿ ಕೇಳಿದ್ದೆ...

ಎಂಬಿಬಿಎಸ್, ಮುಂಡಗೋಡ: ಒಟ್ಟು ಎಷ್ಟು ಗಂಟೆ ಓದಿದರೆ ಸೀಟು ಗ್ಯಾರಂಟಿ?

ಮೇಡಂ: ಗ್ಯಾರಂಟಿ ಇಲ್ಲ. ಕ್ಲಿನಿಕ್‌ನಲ್ಲಿ ಪೇಷಂಟ್ ಬಂದರು, ಹೊರಟೆ.

ಅಡ್ಮಿನ್: ಟೆಲಿಗ್ರಾಂ ಸದಸ್ಯರನ್ನು ತೆಗೆದಿದ್ದೇನೆ. ಕುಮಟಾ ಮತ್ತು ಕಾರವಾರದವರು ನನ್ನ ಇನ್‌ಬಾಕ್ಸಿನಲ್ಲಿ ಬೈದುಕೊಳ್ಳುವುದನ್ನೂ ನಿಲ್ಲಿಸಿ.